ಮಳೆಗೆ ಮುಂಚೆ ಮುಟ್ಟಬೇಕಾದ ಟ್ಯಾಂಕು: ಲಕ್ಷದ್ವೀಪದ ಕುಡಿಯುವ ನೀರಿನ ಲೆಕ್ಕ

ಮೇ ತಿಂಗಳ ಮೊದಲ ವಾರ ಮಂಗಳೂರಿನ ಹಳೆ ಬಂದರಿನ ಧಕ್ಕೆಗೆ ಹೋಗಿ ನಿಂತರೆ ಲಕ್ಷದ್ವೀಪದವರು ಏನು ಉಣ್ಣುತ್ತಾರೆ, ಏನು ಕಟ್ಟುತ್ತಾರೆ ಅನ್ನುವುದು ಕಣ್ಣೆದುರೇ ಕಾಣುತ್ತದೆ. ಅಕ್ಕಿ ಮೂಟೆ, ಈರುಳ್ಳಿ, ಸಿಮೆಂಟು, ಜಲ್ಲಿ, ಕಬ್ಬಿಣದ ಸರಳು, ಎಲ್ಲವೂ ಮಂಜಿಗಳ, ಅಂದರೆ ಸರಕು ಸಾಗಿಸುವ ಮರದ ಹಡಗುಗಳ, ಹೊಟ್ಟೆ ಸೇರುತ್ತಿರುತ್ತದೆ. ಎಲ್ಲರಿಗೂ ಅವಸರ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿ ಕಡಲಿಗಿಳಿಯುವಂತಿಲ್ಲ. ಒಮ್ಮೆ ಹೀಗೇ ನೋಡುತ್ತಾ ನಿಂತಿದ್ದಾಗ ಕಪ್ಪು ಪ್ಲಾಸ್ಟಿಕ್ ಟ್ಯಾಂಕುಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಜಾಗ ಯಾಕೆ ಹಾಳು ಮಾಡುವುದು ಅಂತ ಅವುಗಳ ಒಳಗೂ ತರಕಾರಿ ತುಂಬಿದ್ದರು. ಪಕ್ಕದಲ್ಲಿದ್ದ ಖಲಾಸಿಯನ್ನು ಸುಮ್ನೆ ಕೇಳಿದೆ, ಅಲ್ಲಿ ಮಳೆ ಇಲ್ವಾ ಅಂತ. ಅರ್ಧ ಬ್ಯಾರಿ, ಅರ್ಧ ಕನ್ನಡದಲ್ಲಿ ಉತ್ತರ ಬಂತು: "ಮಳೆಗೇನು, ಬೇಕಾದಷ್ಟುಂಟು. ಇದು ಮಳೆಗಿಂತ ಮೊದಲು ಮುಟ್ಟಬೇಕಲ್ಲ ಅಣ್ಣ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಈ ಮಂಜಿ ತಪ್ಪಿದರೆ ಮುಂದಿನದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ದೊಡ್ಡ ಮಳೆ ಮುಗಿದಿರುತ್ತದೆ. ಹಿಂಗಾರಿನಲ್ಲಿ ಒಂದಷ್ಟು ಹನಿ ಸಿಕ್ಕರೆ ಸಿಕ್ಕಿತು. ಆಮೇಲೆ ಡಿಸೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಆಕಾಶ ಬಹುತೇಕ ಖಾಲಿ. ಅಂದರೆ ಹದಿನೈದು ದಿನ ತಡವಾದ ಒಂದು ಟ್ಯಾಂಕು ಒಂದು ಮನೆಗೆ ಇಡೀ ಒಂದು ವರ್ಷದ ನಷ್ಟ.

ಲಕ್ಷದ್ವೀಪದಲ್ಲಿ 36 ದ್ವೀಪಗಳು. ಜನ ನೆಲೆಸಿರುವುದು ಹತ್ತರಲ್ಲಿ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನ 64,473. ನಮಗೆ ಇದು ತೀರಾ ದೂರದ ಊರೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ, ಈ ಐದು ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ಕಲೆಕ್ಟರೇ ಅವಕ್ಕೂ ಯಜಮಾನ. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ, ಬೆಂಗಳೂರಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ. ಆದರೆ ಹೊಳೆ ಇಲ್ಲ, ತೊರೆ ಇಲ್ಲ, ಕೆರೆ ಕಟ್ಟಲು ಇಳಿಜಾರೂ ಇಲ್ಲ. ನೆಲವೆಲ್ಲ ಹವಳದ ಮರಳು. ಬಿದ್ದ ನೀರು ಜರಡಿಗೆ ಸುರಿದಂತೆ ಕೆಳಗಿಳಿದುಬಿಡುತ್ತದೆ.

ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಇಲ್ಲೊಂದು ಸ್ವಾರಸ್ಯ ಇದೆ. ಸಿಹಿನೀರು ಉಪ್ಪುನೀರಿಗಿಂತ ಸ್ವಲ್ಪ ಹಗುರ. ಹಾಗಾಗಿ ನೆಲದಡಿ ಮರಳಿನ ಸಂದಿಯಲ್ಲಿ ಸಮುದ್ರದ ನೀರಿನ ಮೇಲೆ ಮಳೆನೀರು ಒಂದು ಪದರವಾಗಿ ತೇಲುತ್ತಾ ನಿಲ್ಲುತ್ತದೆ, ಮಧ್ಯದಲ್ಲಿ ದಪ್ಪ, ದಡದ ಕಡೆ ತೆಳು, ಮಸೂರದ ಹಾಗೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಇರಬೇಕು ಅನ್ನುವುದು ಪುಸ್ತಕದ ಲೆಕ್ಕ. ನಿಜದಲ್ಲಿ ದಿನಕ್ಕೆರಡು ಸಲ ಉಬ್ಬರ ಇಳಿತ ಬಂದು ಅಡಿಯಿಂದ ಕಲಸುತ್ತಲೇ ಇರುತ್ತದೆ, ಆದ್ದರಿಂದ ಪದರ ತೀರಾ ತೆಳು. ಅಲ್ಲಿನ ಬಾವಿಗಳಲ್ಲಿ ನೀರು ಕಡಲಿನ ಜೊತೆಗೇ ಏರುತ್ತದೆ, ಇಳಿಯುತ್ತದೆ.

ಕೊಡಪಾನ ಇಳಿಸಿ ಸೇದುವಷ್ಟು ಕಾಲ ಇದಕ್ಕೇನೂ ಆಗಲಿಲ್ಲ. ಪಂಪ್ ಬಂದ ಮೇಲೆ ಕಥೆ ಬದಲಾಯಿತು. ಆ ಒಂದಕ್ಕೆ ನಲವತ್ತರ ಲೆಕ್ಕ ತಿರುಗಿ ನಿಂತಿತು: ಮೇಲಿನ ಮಟ್ಟ ಒಂದು ಇಂಚು ಇಳಿದರೆ ಕೆಳಗಿನಿಂದ ಉಪ್ಪುನೀರು 40 ಇಂಚು ಮೇಲೇರಲು ಹವಣಿಸುತ್ತದೆ. ಇದು ಸಾಲದು ಅಂತ ಪ್ರತಿ ಮನೆಯ ಬಾವಿಯ ಹತ್ತಿರವೇ ಶೌಚದ ಗುಂಡಿ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರೂ ಇರಬೇಕಾದರೆ ಇನ್ನೆಲ್ಲಿ ಹೋಗುತ್ತೀರಿ? ಮರಳಿನಲ್ಲಿ ಶೋಧನೆ ಆಗುವಷ್ಟು ದೂರವೇ ಇಲ್ಲ. ಬಾವಿ ನೀರು ನೋಡಲು ಕನ್ನಡಿಯಷ್ಟು ತಿಳಿಯಾಗಿರುತ್ತದೆ, ಪರೀಕ್ಷೆ ಮಾಡಿದರೆ ಮಲದ ಬ್ಯಾಕ್ಟೀರಿಯಾ.

ಇನ್ನು ಸಮುದ್ರವೇ ಮೇಲೆ ಬಂದರೆ ಮುಗಿಯಿತು. ಪೆಸಿಫಿಕ್‌ನ ಕುಕ್ ದ್ವೀಪಗಳಲ್ಲಿ ಪುಕಾಪುಕಾ ಅಂತ ಒಂದು ಪುಟ್ಟ ಹವಳದ್ವೀಪ ಇದೆ. 2005ರಲ್ಲಿ ಪರ್ಸಿ ಚಂಡಮಾರುತದ ಅಲೆ ಅದರ ಮೇಲೆ ಹಾಯ್ದು ಹೋಯಿತು. ನೆಲದಡಿಯ ಸಿಹಿನೀರು ಮತ್ತೆ ಕುಡಿಯುವಷ್ಟಾಗಲು ಸುಮಾರು 11 ತಿಂಗಳು ಹಿಡಿಯಿತು. ಅಲೆ ಬಂದು ಹೋಗಿದ್ದು ಕೆಲವೇ ಗಂಟೆಗಳ ಕೆಲಸ.

ಹಾಗಾದರೆ ಮಾಡಿನ ನೀರು, ಅಂದರೆ ಸೂರಿನ ಮೇಲೆ ಬೀಳುವ ಮಳೆ, ಸಾಕಾಗುತ್ತದಾ? ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಎಲ್ಲ ನೀರನ್ನೂ ಒಂದೇ ನೀರು ಅಂತ ಲೆಕ್ಕ ಹಾಕುತ್ತಾರೆ. ಐದು ಜನರ ಮನೆ ತೆಗೆದುಕೊಳ್ಳಿ. ಜಲ ಜೀವನ್ ಲೆಕ್ಕದ ಹಾಗೆ ತಲೆಗೆ ದಿನಕ್ಕೆ 55 ಲೀಟರ್ ಅಂದರೆ, ಮಳೆ ಇಲ್ಲದ 150 ದಿನಕ್ಕೆ 41 ಸಾವಿರ ಲೀಟರ್ ಮೀರುತ್ತದೆ. ಅಷ್ಟು ದೊಡ್ಡ ತೊಟ್ಟಿಯನ್ನು, ಮರಳು ಜಲ್ಲಿಯನ್ನೂ ಮಂಜಿಯಲ್ಲಿ ತರಿಸುವ ಊರಿನಲ್ಲಿ, ಯಾವ ಬಡವ ಕಟ್ಟುತ್ತಾನೆ? ಆದರೆ ಬಟ್ಟೆ ಒಗೆಯಲು, ಸ್ನಾನಕ್ಕೆ, ಕಕ್ಕಸಿಗೆ ಬಾವಿಯ ಸ್ವಲ್ಪ ಉಪ್ಪು ನೀರೇ ನಡೆಯುತ್ತದಲ್ಲ. ಕುಡಿಯಲು, ಅಡುಗೆಗೆ ಮಾತ್ರ ಅಂದರೆ ತಲೆಗೆ 8 ಲೀಟರ್ ಹಿಡಿಯಿರಿ. ದಿನಕ್ಕೆ 40, 150 ದಿನಕ್ಕೆ 6,000 ಲೀಟರ್. 60 ಚದರ ಮೀಟರ್ ಮಾಡು ಇದ್ದರೆ, ಸೋರಿ ಚೆಲ್ಲಿ ಹೋಗುವ ಐದರಲ್ಲೊಂದು ಪಾಲು ಬಿಟ್ಟರೂ, ಆ ತೊಟ್ಟಿ ತುಂಬಲು 125 ಮಿಲಿಮೀಟರ್ ಮಳೆ ಸಾಕು. ಜೂನ್‌ನ ಎರಡು ವಾರದೊಳಗೆ ಮುಗಿಯುವ ಕೆಲಸ. ಮಿಕ್ಕ ಮಳೆಯೆಲ್ಲ ಉಕ್ಕಿ ನೆಲಕ್ಕೇ ಹೋಗಲಿ, ಬಾವಿಗೂ ಬೇಕು.

ಹಾಗಾಗಿ ವರ್ಷಕ್ಕೆಷ್ಟು ಮಳೆ ಅಂತ ಕೇಳುವುದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಸತತವಾಗಿ ಎಷ್ಟು ದಿನ ಮಳೆ ಇಲ್ಲ ಅಂತ ಕೇಳಬೇಕು. ಅಟ್ಲಾಂಟಿಕ್‌ನ ಬರ್ಮುಡಾವನ್ನೇ ನೋಡಿ. ಅಲ್ಲೂ ಹೆಚ್ಚು ಕಡಿಮೆ ಲಕ್ಷದ್ವೀಪದಷ್ಟೇ ಜನ, ಹೆಚ್ಚು ಕಡಿಮೆ ಅಷ್ಟೇ ಮಳೆ, ಅಲ್ಲೂ ಹೊಳೆ ಇಲ್ಲ. ಸುಣ್ಣ ಬಳಿದ ಬಿಳಿ ಮೆಟ್ಟಿಲಿನಂಥ ಮಾಡುಗಳಿಂದ ನೀರು ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ, ಶತಮಾನಗಳಿಂದ. ಈಗ ಅದು ಕಾನೂನು ಕೂಡ: ಮಾಡಿನ ಐದರಲ್ಲಿ ನಾಲ್ಕು ಪಾಲು ನೀರು ಹಿಡಿಯಲೇಬೇಕು, ತೊಟ್ಟಿ ಇಲ್ಲದೆ ಹೊಸ ಮನೆ ಕಟ್ಟುವಂತಿಲ್ಲ. ಹಾಗಂತ ಬರ್ಮುಡಾವನ್ನು ನಕಲು ಮಾಡಿ ಅಂದರೆ ಆಗುವುದಿಲ್ಲ. ಅಲ್ಲಿ ಮಳೆ ವರ್ಷವಿಡೀ ಹಂಚಿ ಬೀಳುತ್ತದೆ, ತೊಟ್ಟಿ ಖಾಲಿಯಾಗುತ್ತಾ ತುಂಬುತ್ತಾ ಇರುತ್ತದೆ. ಲಕ್ಷದ್ವೀಪದಲ್ಲಿ ನವೆಂಬರ್‌ನಲ್ಲಿ ತುಂಬಿದ್ದು ಮೇವರೆಗೆ ಬರಬೇಕು. ಬರ್ಮುಡಾದವರ ಹತ್ತಿರ ದುಡ್ಡೂ ಇದೆ, ಅದು ಬೇರೆ ಮಾತು.

ಮಳೆ ಧಾರಾಳ ಇದ್ದೂ ಕೈಕೊಟ್ಟ ಕಥೆಗೆ ಪೆಸಿಫಿಕ್‌ನ ಟುವಾಲು ಸಾಕು. ಒಂಬತ್ತು ದ್ವೀಪಗಳ ಆ ದೇಶದ ರಾಜಧಾನಿ ಫುನಾಫುಟಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಕುಡಿಯಲು ಪೂರಾ ಮಾಡಿನ ನೀರೇ ಗತಿ. 2011ರಲ್ಲಿ ಲಾ ನಿನಾ, ಅಂದರೆ ಪೆಸಿಫಿಕ್ ಕಡಲಿನ ಮೇಲ್ನೀರು ತಣ್ಣಗಾಗಿ ಮಳೆಯ ಲೆಕ್ಕ ತಪ್ಪಿಸುವ ಕಾಲ, ಬಂದು ತಿಂಗಳುಗಟ್ಟಲೆ ಮಳೆ ನಿಂತಿತು. ಸೆಪ್ಟೆಂಬರ್ 28ಕ್ಕೆ ತುರ್ತು ಪರಿಸ್ಥಿತಿ. ಫುನಾಫುಟಿಯಲ್ಲಿ ಒಂದು ಮನೆಗೆ ದಿನಕ್ಕೆ ಎರಡು ಬಕೆಟ್, 40 ಲೀಟರ್ ರೇಷನ್. ನುಕುಲೇಲೇ ಅನ್ನುವ ದ್ವೀಪದಲ್ಲಿ ಸುಮಾರು 330 ಜನರಿಗೆ ಉಳಿದಿದ್ದು 60 ಲೀಟರ್ ಕುಡಿಯುವ ನೀರು ಅಂತ ರೆಡ್‌ಕ್ರಾಸ್ ಆಗ ಹೇಳಿತ್ತು. ತಲೆಗೊಂದು ಲೋಟ ಕೂಡ ಬರುವುದಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳು ವಿಮಾನದಲ್ಲಿ ಉಪ್ಪು ತೆಗೆಯುವ ಯಂತ್ರ ಕಳಿಸಿದವು.

ಟುವಾಲುವಿನಲ್ಲಿ ಟ್ಯಾಂಕ್ ಇರಲಿಲ್ಲವಾ? ಇತ್ತು. ಆದರೆ ಬಿರುಕು ಬಿಟ್ಟದ್ದು, ಮಾಡಿನ ಒಂದೇ ಬದಿಗೆ ದಂಬೆ (ಅಂಚಿನಿಂದ ಇಳಿಯುವ ನೀರು ಹಿಡಿಯುವ ಕಾಲುವೆ) ಹಾಕಿದ್ದು, ದಂಬೆ ಕಳಚಿ ನೇತಾಡುತ್ತಿದ್ದದ್ದು, ಹೀಗೆ ಹಿಡಿಯಬಹುದಾದದ್ದರಲ್ಲಿ ಎಷ್ಟೋ ಪಾಲು ಹೊರಗೇ ಹೋಗುತ್ತಿತ್ತು. ಜೊತೆಗೆ ಅದೇ ಮಳೆನೀರನ್ನು ಫ್ಲಶ್ ಮಾಡಲೂ ಸುರಿಯುತ್ತಿದ್ದರು! ಆ ಹೊತ್ತಿಗೆ ಫುನಾಫುಟಿಯಲ್ಲಿ ನೀರು ಬೇಡದ ಕಾಂಪೋಸ್ಟ್ ಶೌಚಾಲಯಗಳನ್ನು ಮನೆಮನೆಗೆ ಒಪ್ಪಿಸುವ ಯೋಜನೆಯೊಂದು ನಡೆದಿದ್ದು ಇದಕ್ಕೇ. ನೀರಿನ ಯೋಜನೆಯಲ್ಲಿ ಕಕ್ಕಸಿನ ಮಾತು ಯಾಕೆ ಅನ್ನಿಸಬಹುದು. ಫ್ಲಶ್‌ಗೆ ಹೋಗುವ ನೀರು ಉಳಿಸಿದರೆ ತೊಟ್ಟಿ ಇನ್ನಷ್ಟು ವಾರ ಬರುತ್ತದೆ, ಬಾವಿಯೂ ಕೆಡುವುದಿಲ್ಲ.

ಇಷ್ಟೆಲ್ಲ ಯಾಕೆ, ಸಮುದ್ರದ ನೀರನ್ನೇ ಸಿಹಿ ಮಾಡಿದರಾಯಿತಲ್ಲ ಅನ್ನುವವರಿದ್ದಾರೆ. ಮಾಡುತ್ತಿದ್ದಾರೆ ಕೂಡ, ಅದೂ ನಮ್ಮ ದೇಶದ್ದೇ ಜಾಣತನದಿಂದ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಹಾಕಿತು. ಮೇಲಿನ ಬೆಚ್ಚಗಿನ ಕಡಲನೀರನ್ನು ಗಾಳಿಯ ಒತ್ತಡ ತೀರಾ ಕಡಿಮೆ ಇರುವ ಕೋಣೆಗೆ ಬಿಟ್ಟರೆ ಒಲೆ ಹಚ್ಚದೆಯೇ ಸ್ವಲ್ಪ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪು ಮಾಡಿದರೆ ಸಿಹಿನೀರು. ಪೊರೆ, ಫಿಲ್ಟರ್ ಯಾವುದೂ ಬೇಡ. ಆಮೇಲೆ ಮಿನಿಕಾಯ್, ಅಗತ್ತಿಗೂ ಬಂತು. 2024ರ ಜನವರಿಯಲ್ಲಿ ಕಡಮತ್‌ನಲ್ಲಿ ದಿನಕ್ಕೆ ಒಂದೂವರೆ ಲಕ್ಷ ಲೀಟರಿನದ್ದನ್ನು ಪ್ರಧಾನಿ ಉದ್ಘಾಟಿಸಿದರು.

ನನಗೆ ಈ ತಂತ್ರಜ್ಞಾನದ ಬಗ್ಗೆ ಗೌರವ ಇದೆ. ಆದರೆ ಒಂದು ಭಾಗಾಕಾರ ಮಾಡಿ ನೋಡಿ. ಕವರತ್ತಿಯಲ್ಲಿ 2011ರಲ್ಲೇ ಜನ 11 ಸಾವಿರಕ್ಕೂ ಜಾಸ್ತಿ. ಒಂದು ಲಕ್ಷ ಲೀಟರ್ ಅಂದರೆ ತಲೆಗೆ ಒಂಬತ್ತು. ಅಂದರೆ ಅಷ್ಟು ದೊಡ್ಡ ಯಂತ್ರವೂ ಕೊಡುವುದು ಕುಡಿಯುವ, ಅಡುಗೆಯ ನೀರನ್ನೇ, ನಮ್ಮ 6,000 ಲೀಟರಿನ ತೊಟ್ಟಿ ಕೊಡುವಷ್ಟನ್ನೇ. ಜೊತೆಗೆ ಪಂಪ್ ಓಡಲು ಕರೆಂಟ್ ಬೇಕು, ದ್ವೀಪಗಳಲ್ಲಿ ಕರೆಂಟ್ ಅಂದರೆ ಬಹುಪಾಲು ಡೀಸೆಲ್ ಜನರೇಟರ್, ಡೀಸೆಲ್ ಅಂದರೆ ಮತ್ತೆ ಹಡಗು. ಕಡಲೊಳಗೆ ಇಳಿಬಿಟ್ಟ ಉದ್ದದ ಪೈಪಿಗೆ ಜುಲೈನಲ್ಲಿ ಏನಾದರೂ ಆದರೆ ಯಾರು ಇಳಿದು ಸರಿ ಮಾಡುತ್ತಾರೆ?

ಯಂತ್ರ ನಿಂತರೆ ಏನಾಗುತ್ತದೆ ಅನ್ನುವುದನ್ನು ಮಾಲ್ಡೀವ್ಸ್ ತೋರಿಸಿದೆ. ರಾಜಧಾನಿ ಮಾಲೆಯ ನೆಲದಡಿಯ ನೀರು ಎಂದೋ ಕೆಟ್ಟುಹೋಗಿತ್ತು, ಊರಿಗೆ ಊರೇ ಉಪ್ಪು ತೆಗೆದ ನೀರಿನ ಮೇಲೆ ನಿಂತಿತ್ತು. 2014ರ ಡಿಸೆಂಬರ್ 4ರಂದು ಘಟಕದಲ್ಲಿ ಬೆಂಕಿ ಬಿತ್ತು. ಸುಮಾರು ಒಂದು ಲಕ್ಷ ಜನರಿಗೆ ನಲ್ಲಿ ಬಂದ್. ಮರುದಿನವೇ ಭಾರತದ ವಾಯುಪಡೆ ವಿಮಾನಗಳಲ್ಲಿ ಬಾಟಲಿ ನೀರು ಹೊತ್ತು ಹೋಯಿತು, ಹಿಂದೆಯೇ ನೌಕಾಪಡೆಯ ಸುಕನ್ಯಾ, ದೀಪಕ್ ಹಡಗುಗಳು. ಅದೇ ದೇಶದ ಸಣ್ಣ ದ್ವೀಪಗಳಲ್ಲಿ 2004ರ ಸುನಾಮಿ ಬಾವಿಗಳನ್ನು ಉಪ್ಪು ಮಾಡಿದ ಮೇಲೆ ಮನೆಮನೆಗೆ 2,500 ಲೀಟರಿನ ಟ್ಯಾಂಕು ಹಂಚಿದ್ದರು. ಅಲ್ಲಿನ ಭಾಷೆಯಲ್ಲಿ ಮಳೆನೀರಿಗೆ "ವಾರೆ ಫೆನ್" ಅನ್ನುತ್ತಾರೆ. ಮಿನಿಕಾಯ್‌ನವರಿಗೂ ಆ ಮಾತು ಅರ್ಥವಾದೀತು, ಅವರದ್ದೂ ಅದೇ ಭಾಷೆ.

ನನ್ನ ಅಭಿಪ್ರಾಯ ಸರಳ. ಯಂತ್ರವೂ ಇರಲಿ, ತೊಟ್ಟಿಯೂ ಇರಲಿ. ಆದರೆ ಯಂತ್ರ ಬಂದ ದಿನವೇ ತೊಟ್ಟಿ ಅನಾಥ ಆಗುತ್ತದಲ್ಲ, ಅಲ್ಲಿದೆ ಪೆಟ್ಟು. ಯಂತ್ರಕ್ಕೆ ಉದ್ಘಾಟನೆ ಉಂಟು, ಎಂಜಿನಿಯರ್ ಉಂಟು, ವರ್ಷದ ಬಜೆಟ್ ಉಂಟು. ದಂಬೆಗೆ ಯಾರಿದ್ದಾರೆ? ಕಡಲ ಗಾಳಿಗೆ ತಗಡಿನ ದಂಬೆ, ಕಬ್ಬಿಣದ ಕೊಕ್ಕೆ ಬೇಗ ತುಕ್ಕು ಹಿಡಿಯುತ್ತವೆ. ಮಾಡಿನ ಮೇಲೆಲ್ಲ ತೆಂಗಿನ ಮಡಲು, ಕಾಗೆ, ಇಲಿ.

"ಸುರಕ್ಷಿತ" ಅನ್ನುವ ಪದದ ಭಾರ ಬೀಳುವುದು ಇಲ್ಲೇ. ಮಳೆನೀರು ಆಕಾಶದಲ್ಲಿ ಶುದ್ಧ, ಮಾಡಿಗೆ ತಾಗಿದ ಮೇಲೆ ಅಲ್ಲ. ಉಡುಪಿ ಕಡೆಯ ಒಂದು ಕುದ್ರುವಿನಲ್ಲಿ ನನ್ನ ಚಿಕ್ಕಮ್ಮನ ಮನೆ. ಸುತ್ತ ಹೊಳೆ, ಅಳಿವೆ ಹತ್ತಿರ, ಶಿವರಾತ್ರಿ ಕಳೆದರೆ ಬಾವಿ ಉಪ್ಪು. ಮಳೆಗಾಲ ಹಿಡಿದ ಮೇಲೂ ಬಾವಿ ಸರಿಯಾಗಲು ಸ್ವಲ್ಪ ದಿನ ಬೇಕು. ಆಗ ಅವರು ಅಂಗಳದಲ್ಲಿ ನಾಲ್ಕು ಗೂಟಕ್ಕೆ ಬಿಳಿ ಪಂಚೆ ಕಟ್ಟಿ, ನಡುವೆ ತೊಳೆದ ಕಲ್ಲೊಂದನ್ನು ಇಟ್ಟು, ಅದರ ಕೆಳಗೆ ತಾಮ್ರದ ಕೊಡ ಇಡುತ್ತಿದ್ದರು. ನೀರು ಕಲ್ಲಿನ ಕೆಳಗೆ ಸಣ್ಣ ಜುಟ್ಟಿನ ಹಾಗೆ ಇಳಿಯುತ್ತಿತ್ತು. ನಾನು ಬಾಯಿ ಒಡ್ಡಲು ಹೋದರೆ ಬೈಗುಳ: "ಮೊದಲ ಮಳೆ ಕುಡಿಯಬಾರದು ಮಗಾ, ಶೀತ ಆಗ್ತದೆ." ಮೊದಲ ನಾಲ್ಕೈದು ಮಳೆ ಪಂಚೆ ಹೊರಗೇ ಬರುತ್ತಿರಲಿಲ್ಲ, ಆಮೇಲೂ ಮೊದಲ ಕೊಡ ಬಸಳೆ ಬುಡಕ್ಕೆ.

ಶೀತದ ಮಾತು ಬಿಡಿ, ಪದ್ಧತಿ ಮಾತ್ರ ಪಕ್ಕಾ. ಈಗಿನ ಎಂಜಿನಿಯರ್‌ಗಳೂ ಅದನ್ನೇ ಹೇಳುತ್ತಾರೆ: ಮಾಡಿನ ಪ್ರತಿ ಚದರ ಮೀಟರಿಗೆ ಅರ್ಧದಿಂದ ಎರಡು ಲೀಟರ್ ಮೊದಲ ನೀರನ್ನು ಹೊರಗೆ ಬಿಡಿ. 60 ಚದರ ಮೀಟರಿಗೆ 30ರಿಂದ 120 ಲೀಟರ್. ದಂಬೆಯಿಂದ ಇಳಿಯುವ ಪೈಪಿಗೆ ಕೆಳಗೆ ಮುಚ್ಚಿದ ಒಂದು ದಪ್ಪ ಪಿವಿಸಿ ಕೊಳವೆ ಜೋಡಿಸಿದರೆ ಕೊಳೆ ನೀರು ಮೊದಲು ಅದಕ್ಕೆ ತುಂಬುತ್ತದೆ, ಆಮೇಲಿನದ್ದು ತೊಟ್ಟಿಗೆ ತಿರುಗುತ್ತದೆ. ಮಳೆ ನಿಂತ ಮೇಲೆ ಆ ಕೊಳವೆ ಖಾಲಿ ಮಾಡಬೇಕು. ಮರೆತರೆ ಅದಿದ್ದೂ ದಂಡ. ತೊಟ್ಟಿಯ ಪ್ರತಿ ಬಾಯಿಗೂ ಸಣ್ಣ ಕಣ್ಣಿನ ಬಲೆ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಹೆರಿಗೆ ಆಸ್ಪತ್ರೆ ಕಟ್ಟಿದ ಹಾಗೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ, ಕಲಕಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ನೀರು ಸರಿ ಇದೆಯಾ ಅಂತ ನೋಡಲು ದೊಡ್ಡ ಲ್ಯಾಬ್ ಬೇಡ, ಮಲದ ಬ್ಯಾಕ್ಟೀರಿಯಾದ ಸುಳಿವು ಕೊಡುವ ಸಣ್ಣ ಬಾಟಲಿಯ ಎಚ್‌2ಎಸ್ ಪರೀಕ್ಷೆ ಸಾಕು. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ವಿಧಾನ ಅದು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಕಪ್ಪಾದರೆ ಕುಡಿಯಬೇಡಿ. ಶಾಲೆ ಮಕ್ಕಳೂ ಮಾಡಬಹುದು.

ಇದೆಲ್ಲ ಗೊತ್ತಿಲ್ಲದ ವಿದ್ಯೆ ಏನಲ್ಲ. ಮಾಡುವವರು ಯಾರು ಅನ್ನುವುದೊಂದೇ ತಲೆನೋವು. ಮನೆ ತೊಟ್ಟಿ ಮನೆಯವರದ್ದು ಸರಿ. ಆದರೆ ಮಡಲಿನ ಮಾಡಿನ ಮನೆಗೆ, ಬಾಡಿಗೆ ಮನೆಗೆ, ಒಂಟಿ ಮುದುಕಿಗೆ ತೊಟ್ಟಿ ಎಲ್ಲಿಂದ? ಅವರಿಗಾಗಿ ಊರಿನ ದೊಡ್ಡ ಮಾಡುಗಳು ದುಡಿಯಬೇಕು. ಶಾಲೆ, ಮಸೀದಿ, ಸಮುದಾಯ ಭವನ. 500 ಚದರ ಮೀಟರಿನ ಶಾಲೆ ಮಾಡಿನಿಂದ ವರ್ಷಕ್ಕೆ ಆರು ಲಕ್ಷ ಲೀಟರ್ ಮೀರಿ ಸಿಗುತ್ತದೆ. ಅದರಲ್ಲಿ ಒಂದೇ ಲಕ್ಷ ಲೀಟರ್ ಬೀಗ ಹಾಕಿ ಇಟ್ಟುಕೊಂಡರೂ, ಬೇಸಿಗೆಯ ಕೊನೆಯ ಒಂದು ತಿಂಗಳು 330 ಜನಕ್ಕೆ ತಲೆಗೆ 10 ಲೀಟರಿನಂತೆ ಕೊಡಬಹುದು. ನುಕುಲೇಲೇಯ ಜನಸಂಖ್ಯೆ ನೆನಪಿದೆಯಲ್ಲ?

ಟುವಾಲುವಿನಲ್ಲಿ ಚರ್ಚಿನ, ಸಭಾಭವನದ ಮಾಡಿಗೆ ಹೊಂದಿಕೊಂಡ ಸಾರ್ವಜನಿಕ ತೊಟ್ಟಿಗಳು ಹೀಗೇ ಕೊನೆಗಾಲಕ್ಕೆ ಅಂತ ಇರುವಂಥವು, ಬೀಗ ತೆಗೆಯುವ ತೀರ್ಮಾನ ಊರ ಹಿರಿಯರದ್ದು. ನಮ್ಮ ಲಕ್ಷದ್ವೀಪದಲ್ಲೂ ಅಂಥ ಕಟ್ಟು ಇಲ್ಲ ಅಂತಲ್ಲ. ಮಿನಿಕಾಯ್‌ನಲ್ಲಿ ಒಂದೊಂದು ಊರಿಗೂ ತನ್ನದೇ ಮುಖಂಡ ಇದ್ದಾನೆ, ಬೊಡುಕಾಕ ಅನ್ನುತ್ತಾರೆ, ಊರ ಕೆಲಸಕ್ಕೆ ಕರೆ ಬಂದರೆ ಮನೆಗೊಬ್ಬರು ಹಾಜರ್. ಹಿಂದೆ ದ್ವೀಪಗಳಲ್ಲಿ ತೆಂಗಿನಕಾಯಿ ತಿನ್ನುವ ಇಲಿಗಳ ಬೇಟೆಗೆ ಊರಿಗೆ ಊರೇ ಸೇರಬೇಕಿತ್ತು. ತೋಟ ಕಾಯಲು ಅಷ್ಟು ಶಿಸ್ತು ಇದ್ದ ಜನಕ್ಕೆ ತೊಟ್ಟಿ ಕಾಯುವುದು ಕಷ್ಟವೇ? ಆದರೆ ಸರ್ಕಾರಿ ಯೋಜನೆಯಲ್ಲಿ ಟ್ಯಾಂಕ್ ಬರುತ್ತದೆ, ಬಿಲ್ ಆಗುತ್ತದೆ, ಕೀಲಿ ಯಾರ ಕೈಗೆ ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ವರ್ಷಕ್ಕೆ ಎರಡು ಸಲ ಮಾಡು ಗುಡಿಸುವವರಿಗೆ, ಪ್ರತಿ ಮಳೆ ಬಿಟ್ಟ ಮೇಲೆ ಆ ಕೊಳವೆ ಖಾಲಿ ಮಾಡುವವರಿಗೆ, ಬ್ಲೀಚಿಂಗ್ ಹಾಕುವವರಿಗೆ ಒಂದಿಷ್ಟು ಗೌರವಧನ ಇಟ್ಟರೆ ಯಂತ್ರದ ಡೀಸೆಲ್ ಖರ್ಚಿನ ಪಕ್ಕದಲ್ಲಿ ಅದು ಕಾಣುವುದೂ ಇಲ್ಲ.

ನಾವೇನು ಇದರಲ್ಲಿ ಮೇಲಲ್ಲ. ಕರ್ನಾಟಕದಲ್ಲಿ ಸುವರ್ಣ ಜಲ ಅಂತ ಯೋಜನೆ ಬಂದು 20 ಸಾವಿರಕ್ಕೂ ಜಾಸ್ತಿ ಹಳ್ಳಿ ಶಾಲೆಗಳನ್ನು ಆರಿಸಿ ಮಳೆನೀರಿನ ತೊಟ್ಟಿ ಕಟ್ಟಲು ಹೊರಟಿದ್ದರು. ಉದ್ದೇಶ ಚೆನ್ನಾಗಿತ್ತು. ಎಷ್ಟೋ ಕಡೆ ತೊಟ್ಟಿ ಉಳಿಯಿತು, ಪೈಪು ಹೋಯಿತು.

ಚಿಕ್ಕಮ್ಮನ ಕುದ್ರುವಿಗೂ ಈಗ ನಲ್ಲಿ ಬಂದಿದೆ. ಹೊಳೆಯಡಿ ಪೈಪು. ಪಂಚೆಯ ಗೂಟಗಳಿಗೆ ಈಗ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ. ಕಳೆದ ಮಾರ್ಚ್‌ನಲ್ಲಿ ಪೈಪು ಒಡೆದು ಮೂರು ದಿನ ನೀರು ಬರಲಿಲ್ಲ. ಬಾವಿ ಉಪ್ಪು, ಮಳೆಗೆ ಇನ್ನೂ ಎರಡೂವರೆ ತಿಂಗಳು. ಯಾರಿಗೋ ನೆನಪಾಗಿ ಶಾಲೆಯ ತೊಟ್ಟಿ ನೋಡಲು ಹೋದರಂತೆ. ಮುಚ್ಚಳ ತೆಗೆದರೆ ಒಳಗೆ ಮುರಿದ ಬೆಂಚುಗಳು. ಕೊನೆಗೆ ದೋಣಿ ಇಳಿಸಿ ಆಚೆ ದಡದ ಮನೆಯೊಂದರಿಂದ ನೀರು ತಂದರು, ಒಂದು ಸಲಕ್ಕೆ ಎಂಟು ಕೊಡ.